ಕರಗದ ರಾತ್ರಿಯ ಬೆವರುಪುರಾಣ

ಕೋಲಾರ, ಮಾಲೂರು, ಮುಳಬಾಗಿಲಿನಲ್ಲಿ ಕರಗದ ರಾತ್ರಿ ಯಾರಿಗೂ ನಿದ್ದೆಯಿಲ್ಲ, ತಮಟೆ ಬಿಡಬೇಕಲ್ಲ! ಮಲ್ಲಿಗೆಯ ಕರಗ ಹೊತ್ತವರು ಅದನ್ನು ಕೈಯಲ್ಲಿ ಮುಟ್ಟದೆ ಹೆಜ್ಜೆ ಹಾಕುತ್ತಾರೆ. ಅವರ ಬೆನ್ನಿಗೆ ವ್ರತ, ಅಭ್ಯಾಸ ಇರುತ್ತದೆ. ಹಿಂದೆ ಕುಣಿಯುವ ಹುಡುಗರ ಬೆನ್ನಿಗಿರುವುದು ಹೊಸ ಪಾಲಿಯೆಸ್ಟರ್ ಅಂಗಿ, ಅದರ ಮೇಲೆ ಅರ್ಧ ಬಾಟಲಿ ಸೆಂಟು.

ಎಡವಟ್ಟು ಅಲ್ಲೇ. ಹೊಸ ಬೆವರಿಗೆ ವಾಸನೆ ಇಲ್ಲವೆಂದೇ ಹೇಳಬೇಕು. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಮೇಯ್ದ ಮೇಲೆ ಘಾಟು ಏಳುತ್ತದೆ. ಆ ಘಾಟು ಹತ್ತಿಬಟ್ಟೆಗಿಂತ ಪಾಲಿಯೆಸ್ಟರಿನಲ್ಲಿ ಗಟ್ಟಿಯಾಗಿ ಠಿಕಾಣಿ ಹೂಡುತ್ತದೆ. ಸೆಂಟು ಸೇರಿದರೆ ಪಕ್ಕದವರ ಗತಿ ಗೋವಿಂದ. ಬುದ್ಧಿವಂತರು ಹತ್ತಿಯಂಗಿ ತೊಟ್ಟು, ಇನ್ನೊಂದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟಿರುತ್ತಾರೆ.

ತಮಟೆಯವರ ಪಾಡು ಬೇರೆ. ತೇವಕ್ಕೆ ಚರ್ಮ ಸಡಿಲವಾದರೆ ನಾದ ಮಂಕಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಲೇಬೇಕು. ಬೇಸಿಗೆಯಲ್ಲಿ, ಬಾರಿಸಿ ತೊಪ್ಪೆಯಾದ ಮೇಲೆ, ಬೆಂಕಿಯ ಪಕ್ಕ!

ಪುಣ್ಯಕ್ಕೆ ಮಜ್ಜಿಗೆ, ಪಾನಕ ಇವೆ. ಉಪ್ಪು ಹಾಕಿದ ಮಜ್ಜಿಗೆ ನೀರಿನ ಜೊತೆಗೆ ಬೆವರಿನಲ್ಲಿ ಹೋದ ಉಪ್ಪನ್ನೂ ಮರಳಿಸುತ್ತದೆ. ಬಣ್ಣದ ಸೋಡಾ ಕೊಡುವುದು ತೇಗು, ಅದೂ ಕುಣಿತದ ನಡುವೆ. ತೂಕಡಿಕೆಗೆ ಶ್ರೀನಿವಾಸಪುರದ ಮಾವಿನಕಾಯಿಯ ಹೋಳು, ಉಪ್ಪು, ಖಾರದಪುಡಿ ಸಾಕು. ಹೊಸ ಚಪ್ಪಲಿ ಮೆಟ್ಟಿ ಬಂದವರಿಗೆ ಮಾತ್ರ ಮದ್ದಿಲ್ಲ. ಎರಡನೇ ಬೀದಿಗೇ ಅದು ಕೈಗೆ ಬಂದಿರುತ್ತದೆ.