ತೊಡೆಗೊಂದು ತೇಪೆ

(ಗಣೇಶನ ಹಬ್ಬಕ್ಕೆ ನಡೆದ ‘ಮದುವೆಯಾದವರು–ಆಗದವರು’ ಕಬಡ್ಡಿಯಲ್ಲಿ ಬಿದ್ದ ಟೈಲರ್ ಶಿವಣ್ಣ ಮಂಚ ಹಿಡಿದಿದ್ದಾರೆ. ಬಿದ್ದಾಗ ಅವರನ್ನು ಯಾರೂ ಮುಟ್ಟಿರಲಿಲ್ಲ, ಅದನ್ನು ಊರೇ ನೋಡಿದೆ. ಹೆಂಡತಿ ಸರೋಜಮ್ಮನ ಕೈಯಲ್ಲಿ ಬಿಸಿ ಎಣ್ಣೆ ಬಟ್ಟಲು. ಶಿವಣ್ಣನ ಅಕ್ಕನ ಮಗಳು, ಫಿಸಿಯೋಥೆರಪಿಸ್ಟ್ ಕಾವ್ಯ ಬರುತ್ತಾಳೆ.)

ಕಾವ್ಯ: ಅತ್ತೆ, ಆ ಬಟ್ಟಲು ಕೆಳಗಿಡಿ!

ಸರೋಜಮ್ಮ: ನರ ಎಳ್ಕೊಂಡದೆ ಕಣವ್ವ, ನೀವಿಬುಟ್ರೆ ಸರಿಹೋಯ್ತದೆ.

ಕಾವ್ಯ: ನರ ಅಲ್ಲ, ತೊಡೆ ಹಿಂದಿನ ಸ್ನಾಯು ಹರಿದಿದೆ. ಈಗ ಗಟ್ಟಿಯಾಗಿ ತಿಕ್ಕಿದ್ರೆ ಒಳಗೆ ರಕ್ತ ಇನ್ನೂ ಸುರಿಯುತ್ತೆ. ಪೆಟ್ಟಾದ ಸ್ನಾಯುವಿನೊಳಗೆ ಮೂಳೆ ಬೆಳೆಯೋದೂ ಉಂಟು.

ಶಿವಣ್ಣ: ಮೂಳೆನಾ! ಲೇ, ಆ ಎಣ್ಣೆ ನಿನ್ನ ತಲೆಗೇ ಹಚ್ಕೊ ಹೋಗು.

ಸರೋಜಮ್ಮ: ಇರೋ ಮೂಳೆಗೇ ಮುದ್ದೆ ಹಾಕಿ ಸಾಕಾಗದೆ.

ಶಿವಣ್ಣ: ಅಲ್ಲ ಕಣವ್ವ, ಹರಿದಿದ್ದನ್ನ ಯಾರು ಹೊಲಿಯೋರು?

ಕಾವ್ಯ: ಕೆಲಸಗಾರರು ಒಳಗೇ ಇದ್ದಾರೆ ಮಾವ. ಮೊದಲು ಬಿಳಿ ರಕ್ತಕಣಗಳು ಬಂದು ಸತ್ತ ಎಳೆಗಳನ್ನ ತಿಂದು ಗುಡಿಸ್ತವೆ, ಈ ಊತದಲ್ಲಿ ಅದರದ್ದೂ ಪಾಲಿದೆ. ಆಮೇಲೆ ಸ್ನಾಯುವಿನ ಎಳೆಗೆ ಅಂಟಿಕೊಂಡು ನಿದ್ದೆ ಮಾಡ್ತಿರೋ ಸ್ಯಾಟಲೈಟ್ ಕೋಶಗಳು ಏಳ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೋ ಅನ್ನೋ ವಿಜ್ಞಾನಿ ಕಪ್ಪೆ ಕಾಲಲ್ಲಿ ಅವನ್ನ ಗುರುತಿಸಿದ್ರು.

ಸರೋಜಮ್ಮ: ಇವ್ರ ಮೈಯಲ್ಲಿ ನಿದ್ದೆ ಮಾಡೋವು ಇರೋದು ಗೊತ್ತಿತ್ತು. ಏಳೋದು ಗೊತ್ತಿರ್ನಿಲ್ಲ.

ಕಾವ್ಯ: ಎದ್ದು, ಹೆಚ್ಚಿ, ಒಂದಕ್ಕೊಂದು ಬೆಸೆದುಕೊಂಡು ಹೊಸ ಎಳೆ ಆಗ್ತವೆ. ಅದೇ ಹೊತ್ತಿಗೆ ಫೈಬ್ರೊಬ್ಲಾಸ್ಟ್ ಅನ್ನೋ ಇನ್ನೊಂದು ತಂಡ ಕೊಲ್ಯಾಜನ್ ತಂದು ತೇಪೆ ಹಾಕುತ್ತೆ.

ಶಿವಣ್ಣ: ತೇಪೆ ಅಂದ್ರೆ ಗಟ್ಟಿ ಬುಡು. ನಾನು ಹಾಕಿದ ತೇಪೆ ಉಳಿದು, ಸುತ್ತ ಇದ್ದ ಪ್ಯಾಂಟೇ ಹರಿದದ್ದುಂಟು.

ಕಾವ್ಯ: ಇಲ್ಲೂ ಅದೇ ಕತೆ! ಮೊದಲ ಹತ್ತು ದಿನ ತೇಪೆಯೇ ಸಡಿಲ. ಅದು ಬಲಿತ ಮೇಲೆ ಪಕ್ಕದ ಸ್ನಾಯು ಹರಿಯುತ್ತೆ. ಆದ್ರೆ ತೇಪೆಗೆ ಸ್ನಾಯುವಿನ ಹಾಗೆ ಕುಗ್ಗೋಕೆ ಬರಲ್ಲ. ದೊಡ್ಡದಾದ್ರೆ ಹೊಸ ಎಳೆಗಳು ಆಚೆ ಬದಿ ಸೇರದ ಹಾಗೆ ಅಡ್ಡ ಕೂರುತ್ತೆ.

ಶಿವಣ್ಣ: ಹಂಗಾದ್ರೆ ಮೂರು ತಿಂಗಳು ಅಲ್ಲಾಡದೆ ಮಲಗ್ತೀನಿ. ಲೇ, ಕಾಫಿ ತಾರೇ.

ಕಾವ್ಯ: ಮಲಗೇ ಇದ್ರೆ ಸ್ನಾಯು ಸೊರಗುತ್ತೆ, ಹೊಸ ಎಳೆ ದಿಕ್ಕಾಪಾಲಾಗಿ ಬೆಳೆಯುತ್ತೆ. ಮೊದಲ ಮೂರರಿಂದ ಏಳು ದಿನ ವಿಶ್ರಾಂತಿ, ಐಸು, ಬ್ಯಾಂಡೇಜು. ಆಮೇಲೆ ನೋವು ಬಿಟ್ಟಷ್ಟು ನಡಿಗೆ, ನಿಧಾನಕ್ಕೆ ವ್ಯಾಯಾಮ, ಓಟ ಕಟ್ಟಕಡೆಗೆ. ಕಾಲು ಎಳೆದ ದಿಕ್ಕು ನೋಡಿಯೇ ಎಳೆಗಳು ಸಾಲು ಹಿಡಿಯೋದು.

ಸರೋಜಮ್ಮ: ಮುಂದಿನ ವಾರ ನೀರು ಹೊರಬೋದು ಅನ್ನು.

ಕಾವ್ಯ: ಒಂದು ಚೊಂಬು.

ಶಿವಣ್ಣ: (ಗುಟ್ಟಾಗಿ) ಮುಂದಿನ ಭಾನುವಾರವೇ ಮರುಪಂದ್ಯ ಅದೆ. ಮದುವೆ ಆಗದ ಹೈಕಳು ಅಂಗಡಿ ಮುಂದೆ ಬಂದು ನಗ್ತಾವ್ರೆ. ಅಷ್ಟರಲ್ಲಿ ನೋವು ಹೋಗಿದ್ರೆ?

ಕಾವ್ಯ: ನೋವು ಬೇಗ ಹೋಗುತ್ತೆ. ಒಳಗಿನ ರಿಪೇರಿ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ನಡೀತಾನೇ ಇರುತ್ತೆ. ಈ ಸ್ನಾಯು ಎರಡನೇ ಸಲ ಹರಿಯೋದು ಹೆಚ್ಚಾಗಿ ಆಟಕ್ಕೆ ಮರಳಿದ ಮೊದಲ ವಾರಗಳಲ್ಲೇ.

ಶಿವಣ್ಣ: ರೇಡಿಗೆ ಹೋಗಲ್ಲ, ಸುಮ್ನೆ ಕ್ಯಾಚಿಗೆ ನಿಂತ್ಕೊಂಡ್ರೆ?

ಸರೋಜಮ್ಮ: ಪಟ್ಟೀಲಿ ನಿಮ್ಮ ಹೆಸರು ನಾನೇ ಹೊಡೆದುಹಾಕಿಸಿ ಬಂದಿವ್ನಿ. ಭಾನುವಾರ ನೀವು ಪಾಯಿಂಟ್ ಬರೆಯೋರು. ಕುರ್ಚಿ ಮನೇದೇ ತರಬೇಕಂತೆ.