ಗೌರಿ ಬರೋದು ಒಬ್ಬಳೇ

ಪದ್ಮಮ್ನೋರೇ, ಕರಿಬೇವು ಬೇಕಾದಷ್ಟು ಕಿತ್ಕೊಳ್ಳಿ, ಒಂದು ಮಾತು ಮಾತ್ರ ಕೇಳ್ಕೊಂಡು ಹೋಗಿ. ನಮ್ಮ ಮಹಡಿ ಮನೆ ಹುಡುಗಿ ಇದಾಳಲ್ಲ, ಡೈವೋರ್ಸ್ ಆದೋಳು, ಈ ಸಲ ಗೌರಿ ಕೂರಿಸ್ತಾಳಂತೆ. "ಮುತ್ತೈದೆಯರ ವ್ರತ ಅವಳಿಗ್ಯಾಕೆ?" ಅಂತ ಎದುರುಮನೆ ಅಜ್ಜಿ ಗೊಣಗಿದ್ರು. ನಾನಂದೆ, ಅಜ್ಜೀ, ತದಿಗೆ ದಿನ ಗೌರಿ ತವರಿಗೆ ಬರೋದೇ ಒಬ್ಬಳು. ಮಾರನೇ ದಿನ ಕರ್ಕೊಂಡು ಹೋಗೋಕೆ ಬರೋನು ಮಗ. ಶಿವ ಎಲ್ಲಿ ಅಂತ ನಾವ್ಯಾರಾದ್ರೂ ಕೇಳಿದ್ದೀವಾ? ಅಜ್ಜಿ ನಕ್ಕುಬಿಟ್ರು. ಆದ್ರೂ ಅವಳ ಕೈಯಿಂದ ಮೊರದ ಬಾಗಿನ ಇಸ್ಕೋತಾರೋ ಇಲ್ವೋ, ನೋಡೋಣ.

ಅವಳಿಗೊಬ್ಬ ಮಗ ಇದಾನೆ, ಅವನ ರಜೆಯನ್ನ ಕೋರ್ಟು ಅಪ್ಪ-ಅಮ್ಮನಿಗೆ ಅರ್ಧರ್ಧ ಹಂಚಿದೆ. ಹೋದ ವರ್ಷ ಚೌತಿಗೆ ಹುಡುಗ ಅಪ್ಪನ ಮನೇಲಿದ್ದ. ಅಲ್ಲಿ ಪೂಜೆಗೀಜೆ ಏನಿಲ್ಲ. ವಾಪಸ್ ಬಂದವನೇ, "ಅಪ್ಪ ದೇವ್ರಿಗೆ ಕೈ ಮುಗಿಯಲ್ಲ, ಅವ್ರಿಗೆ ಪಾಪ ಬರುತ್ತಾ?" ಅಂದನಂತೆ. ಕಷ್ಟ ಇರೋದು ಅಲ್ಲೇ ಕಣ್ರೀ. ಹೂಂ ಅನ್ನೋಕೆ ನಾಲಿಗೆ ಎಷ್ಟು ತುರಿಸಿರಬೇಡ! ಅವಳು, "ನಿಮ್ಮಪ್ಪ ಬೀದಿನಾಯಿಗಳಿಗೆ ದಿನಾ ಅನ್ನ ಹಾಕ್ತಾರಲ್ಲ, ಅದೂ ಪೂಜೆನೇ" ಅಂದ್ಲಂತೆ. ದೇವ್ರನ್ನ ಅಮ್ಮನ ಕಡೆ ವಕೀಲನ್ನ ಮಾಡಿಬಿಟ್ರೆ, ನಾಳೆ ಆ ಮಗು ಗುಡಿ ಮೆಟ್ಟಿಲೂ ಹತ್ತಲ್ಲ.

ಇನ್ನು ಅರ್ಚನೆ. ಅಪ್ಪ ಬದುಕಿದ್ದಾಗಲೂ ತಾಯಿ ಸಹಜ ಪಾಲಕಿಯಾಗಬಹುದು ಅಂತ ಸುಪ್ರೀಂ ಕೋರ್ಟು 1999ರಲ್ಲೇ ಹೇಳಿದೆ. ಆ ಆದೇಶದ ಪ್ರತಿ ಮಂಗಳಾರತಿ ತಟ್ಟೆವರೆಗೂ ಇನ್ನೂ ಬಂದಿಲ್ಲ. "ಗೋತ್ರ?" ಅಂದ ಕೂಡಲೇ ಹುಡುಗ ಅಮ್ಮನ ಮುಖ ನೋಡ್ತಾನೆ. ಅಪ್ಪನ ಗೋತ್ರವನ್ನೇ ಕಲಿಸಿದಾಳೆ, ಮುಖ ಸಿಂಡರಿಸದೆ. ರಾತ್ರಿ ಮಲಗೋವಾಗ ಛಾಂದೋಗ್ಯದ ಸತ್ಯಕಾಮನ ಕಥೆ. ನಿನ್ನ ಗೋತ್ರ ನಂಗೊತ್ತಿಲ್ಲ ಮಗನೇ, ನನ್ನ ಹೆಸರು ಜಬಾಲೆ, ಅದನ್ನೇ ಹೇಳು ಅಂತ ಆ ತಾಯಿ ಕಳಿಸಿದ್ದು. ನಿಜ ಹೇಳಿದ್ದಕ್ಕೇ ಗೌತಮರು ಅವನನ್ನ ಶಿಷ್ಯ ಅಂತ ಒಪ್ಪಿದ್ದು. ಕೇಳಿ ಕೇಳಿ, ಮೊನ್ನೆ ದೇವಸ್ಥಾನದಲ್ಲಿ ಗೋತ್ರದ ಜೊತೆ ಅಮ್ಮನ ಹೆಸರನ್ನೂ ಗಟ್ಟಿಯಾಗಿ ಸೇರಿಸಿದ. ಭಟ್ರು ಒಂದು ಗಳಿಗೆ ಕಣ್ಣು ಮಿಟುಕಿಸಿ, ಅದನ್ನೂ ಸೇರಿಸಿಯೇ ಅರ್ಚನೆ ಮಾಡಿದ್ರು.

ಮುಂದಿನ ಬೇಸಿಗೆಗೆ ಮುಂಜಿ. ಮೊದಲ ಭಿಕ್ಷೆ ಹಾಕೋಳು ತಾಯಿ, ಸರಿ. ಬ್ರಹ್ಮೋಪದೇಶಕ್ಕೆ ಸೋದರಮಾವನ್ನ ಕೂರಿಸೋಣ ಅಂತ ತವರಿನೋರು ಅಂದ್ರೆ, ಇವಳೇ ಹುಡುಗನ ಅಪ್ಪನಿಗೆ ಫೋನ್ ಮಾಡಿದಾಳೆ. ನಂಬಿಕೆ ಇಲ್ಲ, ಆದ್ರೆ ಮಗನಿಗೋಸ್ಕರ ಬಂದು ಕೂರ್ತೀನಿ ಅಂದನಂತೆ. ಒಂದೇ ತಕರಾರು, ಕಚ್ಚೆಪಂಚೆ ಉಡೋಕೆ ಬರಲ್ವಂತೆ. ನಿಮ್ಮ ಯಜಮಾನ್ರು ಉಡಿಸ್ತಾರಾ, ಒಂದ್ಮಾತು ಕೇಳಿ ನೋಡ್ರೀ.