ಅಕ್ಕಿಹುಳದವರಿಗೊಂದು ಬಹಿರಂಗ ಪತ್ರ

ನಂಜನಗೂಡು,
ಶ್ರಾವಣ ಸೋಮವಾರ

ಶ್ರೀಮಾನ್ ಅಕ್ಕಿಹುಳದವರ ಸನ್ನಿಧಾನಕ್ಕೆ, ನಂಜನಗೂಡಿನ ಗೃಹಿಣಿಯೊಬ್ಬಳ ನಮಸ್ಕಾರಗಳು.

ಇತ್ತ ಕಡೆ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಪ್ರಮೇಯವೇ ಬರಲಿಲ್ಲ. ಇವತ್ತು ಬೆಳಿಗ್ಗೆ ಅಟ್ಟದಿಂದ ಇಳಿಸಿದ ಮೂಟೆಯ ಹೊಲಿಗೆ ಬಿಚ್ಚಿ ಮೊರಕ್ಕೆ ಎರಡು ಸೇರು ಸುರಿದರೆ, ಅಕ್ಕಿಗಿಂತ ಮುಂಚೆ ತಾವೇ ಸಕುಟುಂಬ ಸಪರಿವಾರ ಸಮೇತ ದರ್ಶನ ಕೊಟ್ಟಿರಿ. ಮೂತಿ ಮುಂದೆ ಮಾಡಿಕೊಂಡು ಮೊರದ ಅಂಚಿಗೆ ಹೊರಟ ಆ ಮೆರವಣಿಗೆ ನೋಡಿದರೆ ನಮ್ಮೂರ ದೊಡ್ಡ ಜಾತ್ರೆಯ ತೇರಿನ ಜನವೇ ನೆನಪಾಯಿತು. ಬೆರಳಲ್ಲಿ ಮುಟ್ಟಿದ ಅಕ್ಕಿ ಹಿಟ್ಟಾಗಿ ಉದುರಿತು. ಒಂದೊಂದು ಕಾಳಿಗೂ ಸೂಜಿ ಚುಚ್ಚಿದಂತೆ ತೂತು.

ತಮ್ಮನ್ನು ಬೈಯಲು ಕಾಗದ ಬರೆಯುತ್ತಿಲ್ಲ. ನಮ್ಮ ಮನೆಯ ದಾಸ್ತಾನಿನಿಂದ ಲಾಭ ಕಂಡವರು ಈವರೆಗೆ ತಾವೊಬ್ಬರೇ. ಅದಕ್ಕೇ ಲೆಕ್ಕ ಒಪ್ಪಿಸೋಣವೆಂದು ಕೂತಿದ್ದೇನೆ.

ಈ ಮೂಟೆ ಬಂದದ್ದು 2025ರ ಮೇ ತಿಂಗಳಲ್ಲಿ. ಪಾಕಿಸ್ತಾನದ ಗಡಿಯಲ್ಲಿ ಡ್ರೋನು ಹಾರುತ್ತಿದ್ದ ದಿನಗಳು. ದೇಶದಲ್ಲಿ ಆಹಾರ ಧಾನ್ಯ ಬೇಕಾದಷ್ಟಿದೆ, ವದಂತಿಗೆ ಕಿವಿಗೊಡಬೇಡಿ ಎಂದು ನಮ್ಮ ರಾಜ್ಯದವರೇ ಆದ ಕೇಂದ್ರ ಆಹಾರ ಸಚಿವ ಪ್ರಲ್ಹಾದ ಜೋಶಿಯವರು ಹೇಳಿದರು. ನಮ್ಮ ಯಜಮಾನರಿಗೆ ಅಲ್ಲಿಯವರೆಗೆ ವದಂತಿಯೇ ಗೊತ್ತಿರಲಿಲ್ಲ. ಟೀವಿ ಆರಿಸಿದವರೇ ಸ್ಕೂಟರ್ ತೆಗೆದರು. ಎರಡು ಮೂಟೆ, ಒಂದೊಂದೂ 26 ಕೆಜಿ. 25 ಅಲ್ಲ, 26. 2022ರ ಜುಲೈ 18ರಿಂದ 25 ಕೆಜಿವರೆಗಿನ ಚೀಲಕ್ಕೆ ಶೇ 5ರ ಜಿಎಸ್‌ಟಿ ಬಿತ್ತಲ್ಲ, ಆಗಿನಿಂದ ಮಿಲ್ಲಿನವರು ಇನ್ನೊಂದು ಕೆಜಿ ತುಂಬಿ ತೆರಿಗೆಯ ಗೆರೆ ದಾಟಿಸಿದರು. ಆ 26ನೇ ಕೆಜಿಯನ್ನು ತಮ್ಮ ಪಾಲೆಂದು ತಾವು ತಿಳಿದಿದ್ದರೆ ನನ್ನ ತಕರಾರಿಲ್ಲ. ಮಿಕ್ಕ 25ರ ಬಗ್ಗೆ ಮಾತಾಡಬೇಕು.

ಯಜಮಾನರಿಗೆ ಈ ಚಟ ಅಂಟಿದ್ದು 2020ರಲ್ಲಿ. ಮಾರ್ಚ್ 22ರ ಸಂಜೆ ತಟ್ಟೆ ಬಡಿದೆವು. 24ರ ರಾತ್ರಿ ದೇಶಕ್ಕೆ ಬೀಗ ಬಿತ್ತು. 26ಕ್ಕೆ ನಮ್ಮೂರ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೊರೊನಾ ಸೋಂಕು ತಗುಲಿದ್ದು ಗೊತ್ತಾಯಿತು. ಮುಂದಿನ ವಾರಗಳಲ್ಲಿ ಅದೇ ಎಳೆಯಲ್ಲಿ 70ಕ್ಕೂ ಹೆಚ್ಚು ಮಂದಿ. ನಂಜನಗೂಡು ಅಂದರೆ ರಸಬಾಳೆ, ನಂಜನಗೂಡು ಅಂದರೆ ಹಲ್ಲುಪುಡಿ ಅನ್ನುತ್ತಿದ್ದ ನೆಂಟರು ನಮ್ಮ ಫೋನು ಎತ್ತುವುದಕ್ಕೂ ಹೆದರಿದರು. ಹಳ್ಳಿಗಳವರು ದಾರಿಗೆ ಮುಳ್ಳು ಹಾಕಿದರು. ದಿನಸಿ ಅಂಗಡಿ ಮುಂದೆ ಸುಣ್ಣದ ವೃತ್ತದಲ್ಲಿ ನಿಂತು ನಾವು ಏಳು ಕೆಜಿ ರವೆ ತಂದೆವು. ನಮ್ಮ ಮನೆಯಲ್ಲಿ ಉಪ್ಪಿಟ್ಟು ಯಾರೂ ಮುಟ್ಟುವುದಿಲ್ಲ! ಮೊಮ್ಮಗ ಕೇಳಿದ ನೂಡಲ್ಸ್ ಮಾತ್ರ ಸಿಗಲಿಲ್ಲ. ನೂಡಲ್ಸ್ ಮಾಡುವ ಕಾರ್ಖಾನೆ ನಮ್ಮೂರ ಕೈಗಾರಿಕಾ ಪ್ರದೇಶದಲ್ಲೇ ಇದೆ. ಆದರೆ ಅಲ್ಲಿಂದ ನಮ್ಮ ಬೀದಿಗೆ ದಾರಿಯಿಲ್ಲ. ಯಾವುದೋ ಊರಿನ ಗೋದಾಮಿಗೆ ಹೋಗಿ, ರಟ್ಟಿನ ಪೆಟ್ಟಿಗೆಯಲ್ಲಿ ತಿರುಗಿ ಬಂದರೇನೇ ಅದು ನಮ್ಮದು.

ನೂಡಲ್ಸ್ ಹೋಗಲಿ, ತಮಗೆ ಪ್ರಿಯವಾದ ಅಕ್ಕಿಯದೂ ಇದೇ ಕತೆ. ನನ್ನ ಮೈದುನ ತಿರುಮಕೂಡಲು ನರಸೀಪುರದ ಕಡೆ ಗದ್ದೆ ಮಾಡುತ್ತಾನೆ. ಒಂದು ಕಡೆ ಕಾವೇರಿ, ಒಂದು ಕಡೆ ಕಪಿಲೆ, ತಲಕಾಡಿನ ಹತ್ತಿರ ಮಾಧವಮಂತ್ರಿ ಅಣೆಕಟ್ಟೆ. ನೀರಿಗೆ ಬರವಿಲ್ಲದ ಸೀಮೆ. ಅವನು ಬೆಳೆಯುವುದು ಜ್ಯೋತಿ ಭತ್ತ. ಯಂತ್ರ ಗದ್ದೆಗಿಳಿದರೆ ಮಧ್ಯಾಹ್ನದೊಳಗೆ ಕಟಾವು. ಒಣಹಾಕಲು ಕಣ ಎಲ್ಲಿದೆ, ಟಾರು ರಸ್ತೆಯ ಅರ್ಧಕ್ಕೆ ಹರಡುತ್ತಾನೆ. ಬಸ್ಸಿನವರ ಬೈಗುಳ ತಿನ್ನುತ್ತ ಎರಡು ಬಿಸಿಲು ಕಾಯುವಷ್ಟರಲ್ಲಿ ದಲ್ಲಾಳಿ ತಕ್ಕಡಿ ಹಿಡಿದು ಬರುತ್ತಾನೆ. ಮೈದುನನಿಗೆ ಸಾಲದ ಕಂತಿರುತ್ತದೆ, ಅವನು ಹೇಳಿದ ರೇಟಿಗೆ ಕೊಡುತ್ತಾನೆ. ಲಾರಿ ಕೇರಳಕ್ಕೆ ಹೋಗುತ್ತದೆ. ವಾರ ಬಿಟ್ಟು ಇವನು ಪೇಟೆಗೆ ಹೋಗಿ ರಾಯಚೂರು, ಗಂಗಾವತಿ ಕಡೆಯ ಸೋನಾ ಮಸೂರಿಯ 26 ಕೆಜಿ ಚೀಲ ತರುತ್ತಾನೆ. ಇದಕ್ಕೆ ಹುಚ್ಚು ಅನ್ನಬೇಕೋ ಮಾರುಕಟ್ಟೆ ಅನ್ನಬೇಕೋ, ಎರಡೂ ಕಡೆಯ ಭತ್ತ ತಿಂದು ನೋಡಿದ ತಾವೇ ಹೇಳಬೇಕು.

2023ರ ಜುಲೈಯಲ್ಲಂತೂ ಸೋನಾ ಮಸೂರಿಗೆ ದೇವರ ಪಟ್ಟ ಬಂತು. 20ನೇ ತಾರೀಖು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ ನೂಕುನುಗ್ಗಲು, ಕೆಲವು ಕಡೆ ಒಬ್ಬರಿಗೆ ಒಂದೇ ಚೀಲ. ಅಲ್ಲಿರುವ ನನ್ನ ಅಣ್ಣನ ಮಗ ಫೋನು ಮಾಡಿ, ‘ಅತ್ತೆ, ಗ್ಯಾರೇಜಿನಲ್ಲಿ ಒಂಬತ್ತು ಮೂಟೆ ಇಟ್ಟಿದ್ದೀನಿ, ಯೋಚನೆ ಮಾಡಬೇಡಿ’ ಅಂದ. ನಾನು ಯೋಚನೆ ಮಾಡುತ್ತಿರಲಿಲ್ಲ. ಅದೇ ತಿಂಗಳು ನಮ್ಮ ರಾಜ್ಯ ಸರ್ಕಾರ ಕೈಯಲ್ಲಿ ದುಡ್ಡು ಹಿಡಿದುಕೊಂಡು ಅಕ್ಕಿ ಹುಡುಕುತ್ತಿತ್ತು. ಕೇಂದ್ರದ ಗೋದಾಮಿನಲ್ಲಿ ಅಕ್ಕಿ ಇತ್ತು, ರಾಜ್ಯಗಳಿಗೆ ಮಾರುವುದಿಲ್ಲ ಎಂದು ಜೂನಿನಲ್ಲೇ ತೀರ್ಮಾನವಾಗಿತ್ತು. ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಬದಲು, ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. ನಮ್ಮ ಮನೆಗೆಲಸದ ತಾಯಮ್ಮ ಮೊಬೈಲು ತೋರಿಸಿ, ‘ಅಕ್ಕ, ಇದನ್ನ ಎಷ್ಟು ನೀರಾಕಿ ಬೇಯಿಸಬೇಕು?’ ಅಂದಳು. 170ಕ್ಕೆ ಅಂಗಡಿಯವನು ಐದು ಕೆಜಿ ಕೊಡಲಿಲ್ಲವಂತೆ. ಮತ್ತೆ ಅಕ್ಕಿಯನ್ನೇ ಕೊಡಲು ಶುರುವಾದದ್ದು 2025ರಲ್ಲಿ. ತಾವು ಅವಳ ಮನೆಗೆ ಹೋಗಬೇಡಿ. ಅಲ್ಲಿ ಯಾವ ಅಕ್ಕಿಯೂ ತಮ್ಮ ಮೊಟ್ಟೆ ಒಡೆಯುವಷ್ಟು ದಿನ ಉಳಿಯುವುದಿಲ್ಲ.

ಯಜಮಾನರ ಯುದ್ಧ ಸಿದ್ಧತೆಗೆ ಬರುತ್ತೇನೆ. ಅಟ್ಟದಲ್ಲಿ 52 ಕೆಜಿ ಅಕ್ಕಿ ಏರಿಸಿ, ಆರು ತಿಂಗಳು ಯಾರ ಹಂಗೂ ಇಲ್ಲ ಎಂದು ಮೀಸೆ ತಿರುವಿದರು. ಬೇಯಿಸುವುದು ಯಾವುದರಲ್ಲಿ ಎಂದೆ. ದೇಶದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಅದರಲ್ಲೂ ಬಹುಪಾಲು ಹಾರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ನಮ್ಮಲ್ಲಿರುವುದು ಎರಡು ಸಿಲಿಂಡರು, ಒಂದು ಖಾಲಿ. ಒಗ್ಗರಣೆ ಎಣ್ಣೆಯದೂ ಅದೇ ಹಾಡು: ಅರ್ಧಕ್ಕೂ ಮೀರಿ ಆಮದು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಹತ್ತಿದರೆ ನಮ್ಮ ಸೂರ್ಯಕಾಂತಿ ಎಣ್ಣೆ ಹೊಗೆಯಾಡಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆಎಣ್ಣೆ ನಿಲ್ಲಿಸಿದಾಗ ನಮ್ಮ ಬೀದಿಯ ಬೋಂಡದ ಗಾತ್ರ ನಿಂಬೆಹಣ್ಣಿಗೆ ಇಳಿಯಿತು. ಅಷ್ಟು ದೂರ ಯಾಕೆ, 2019ರ ಆಗಸ್ಟ್‌ನಲ್ಲಿ ಕಬಿನಿ ಅಣೆಕಟ್ಟು ತುಂಬಿ, ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯ ಮೇಲೆ ಕಪಿಲೆ ಹರಿದಾಗ, ಗಾಡಿಗಳು ಅಲ್ಲಿಗೇ ನಿಂತವು. ಇಲ್ಲಿಂದ ಕೂಗಿದರೆ ಕೇಳುವಷ್ಟು ದೂರ.

ಇದಕ್ಕೆಲ್ಲ ಅವರ ಉತ್ತರ: ‘ಇರಲಿ ಬಿಡೆ, ನಮ್ಮಮ್ಮನೂ ಕೂಡಿಡುತ್ತಿದ್ದಳು.’

ಹೌದು, ನಮ್ಮತ್ತೆ ಕೂಡಿಡುತ್ತಿದ್ದರು. ಆದರೆ ಅವರು ಕೂಡಿಟ್ಟದ್ದು ಬೆಳೆದದ್ದನ್ನು. ಇವರು ಕೂಡಿಡುವುದು ಕೊಂಡದ್ದನ್ನು. ಅವರ ಕಾಲಕ್ಕೆ ಹಿತ್ತಲ ನೆಲದಡಿ ರಾಗಿ ಹಗೇವು ಇತ್ತು. ಬಾಯಿ ಕಿರಿದು, ಒಳಗೆ ಹೊಟ್ಟೆ ಅಗಲ, ಸುತ್ತ ಹುಲ್ಲು, ಮೇಲೆ ಚಪ್ಪಡಿ, ಅದರ ಮೇಲೆ ಮಣ್ಣು. ತೆಗೆಯುವ ದಿನ ಚಪ್ಪಡಿ ಸರಿಸಿ ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ದೀಪ ಉರಿಯದ ಕಡೆ ಹುಳವೂ ಬದುಕುವುದಿಲ್ಲ. ಬೀದಿಯಲ್ಲಿ ಯಾರ ಮನೆಗೆ ತೀರಿದರೂ ಪಲ್ಲದ ಲೆಕ್ಕದಲ್ಲಿ ಕೊಟ್ಟು, ಸುಗ್ಗಿಗೆ ಅಳೆದುಕೊಳ್ಳುತ್ತಿದ್ದರು. ಬಡ್ಡಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಧಾತು ಈಶ್ವರ ಬರದ ಹೆದರಿಕೆ ಆ ಮನೆಗಳಲ್ಲಿ ಮೂರು ತಲೆಮಾರು ಉಳಿದಿತ್ತು. 1876–78ರ ಆ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದರಲ್ಲೊಂದು ಪಾಲು ಜನ ಹೋದರು. ರೈಲು ಬೆಂಗಳೂರಿಗೆ ಬಂದು ನಿಂತಿತ್ತು. ಅಲ್ಲಿಂದ ಒಳನಾಡಿಗೆ ಧಾನ್ಯ ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಬಿದ್ದಿದ್ದವು.

ಆ ಹಗೇವು ಮುಚ್ಚಿ ಈಗ ಅದರ ಮೇಲೆ ಬಚ್ಚಲುಮನೆ ಕಟ್ಟಿದ್ದೇವೆ. ಮೊಬೈಲಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಈರುಳ್ಳಿ ಬರುವ ಸುಖ ಬೆಂಗಳೂರಿನ ಮಗಳಿಗಿದೆ. ಅವಳ ಅಡುಗೆಮನೆಯಲ್ಲಿ ಡಬ್ಬಿಗಳೇ ಇಲ್ಲ. ಅವಳದು ಹತ್ತು ನಿಮಿಷದ ನಂಬಿಕೆ, ಅಪ್ಪನದು ಆರು ತಿಂಗಳ ಅಪನಂಬಿಕೆ. ಸಾಮಾನು ಬರುವ ಲಾರಿ ಮಾತ್ರ ಇಬ್ಬರಿಗೂ ಒಂದೇ.

ತಮ್ಮ ಜಾಣತನಕ್ಕೆ ತಲೆಬಾಗಿದೆ. ಕಾಳನ್ನು ಕೊರೆದು, ಒಳಗೆ ಮೊಟ್ಟೆ ಇಟ್ಟು, ಮೇಲೆ ಮೆತ್ತಿ ಮುಚ್ಚುತ್ತೀರಂತೆ. ಮರಿ ಉಣ್ಣುವುದೂ ಅಲ್ಲೇ, ಬೆಳೆಯುವುದೂ ಅಲ್ಲೇ. ಲಾರಿಯಿಲ್ಲ, ದಲ್ಲಾಳಿಯಿಲ್ಲ, ಗೋದಾಮಿಲ್ಲ, ಜಲಸಂಧಿಯಂತೂ ಇಲ್ಲವೇ ಇಲ್ಲ. ಆದರೆ ಒಂದು ಕಡೆ ಸೋತಿದ್ದೀರಿ: ರಾಗಿ ಕಾಳು ತಮ್ಮ ಮರಿಗೆ ತೀರಾ ಇಕ್ಕಟ್ಟು. ಇದನ್ನು ಯಜಮಾನರಿಗೆ ಹೇಳಿದ್ದೇ ತಪ್ಪಾಯಿತೇನೋ. ಸುಮ್ಮನೆ ಕೇಳಿಸಿಕೊಂಡು ಹೊರಗೆ ಹೋದರು.

ಔಷಧಿ ಮಾತ್ರೆ ಇಡಿ ಎಂದು ಅಂಗಡಿಯವನು ಹೇಳಿದ. ಊರ ದೇವರು ನಂಜುಂಡ ಎಂದ ಮಾತ್ರಕ್ಕೆ ನಾವೂ ನಂಜುಣ್ಣಲಾಗುವುದೇ? ತಮ್ಮನ್ನು ತಾರಸಿಗೆ ಸಾಗಿಸುತ್ತಿದ್ದೇನೆ. ಹಳೇ ಸೀರೆಯ ಮೇಲೆ ಅಕ್ಕಿ ಹರಡಿದರೆ ಬಿಸಿಲಿಗೆ ತಾವಾಗಿಯೇ ಎದ್ದು ಹೊರಡುತ್ತೀರಿ. ಪಕ್ಕದ ಮನೆ ಮೇಷ್ಟ್ರ ಅಟ್ಟದಲ್ಲಿ ನಾಲ್ಕು ಮೂಟೆ ಇದೆ. ಮೋರಿ ಪೈಪಿನ ಮೇಲೆ ಹೋದರೆ ಹತ್ತಿರ.

ಇಂತಿ ತಮ್ಮ ಅನ್ನದಾತೆ

ವಿ.ಸೂ.: ಗೇಟಿನ ಸದ್ದಾಯಿತು. ಸ್ಕೂಟರಿನ ಕಾಲ ಬಳಿ ಮೂಟೆ. ರಾಗಿ, 26 ಕೆಜಿ.